ನಿಘ್‌ಟ್ ಮೀನ್ಸ್ ರಾತ್ರಿ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕುರ್ಚಿಯಲ್ಲಿ ಕಾಲು ಚಾಚಿ, ಪೇಪರನ್ನು ಮುಖದ ಮೇಲೆ ಹೊದ್ದುಕೊಂಡು ಇನ್ನೇನು ಕಣ್ಣು ಹತ್ತಬೇಕು ಅನ್ನುವಾಗ ಯಾರೋ ಪೇಪರಿನ ಅಂಚನ್ನು ಮೆಲ್ಲಗೆ ಎತ್ತಿ ಇಣುಕಿದರು. ಮೊಮ್ಮಗಳು. ಮೂರನೇ ಕ್ಲಾಸಿನವಳು. ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ತುದಿ ಕಚ್ಚಿ ಕಚ್ಚಿ ಬಣ್ಣ ಹೋದ ಪೆನ್ಸಿಲು.

"ತಾತ, ಎದ್ದಿದ್ದೀಯಾ?"

ಈ ಪ್ರಶ್ನೆಗೆ ಇಲ್ಲ ಎಂದು ಉತ್ತರ ಕೊಡುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಎದ್ದು ಕೂತೆ. ಜಿ ಮತ್ತು ಎಚ್ ಅಕ್ಕಪಕ್ಕದಲ್ಲೇ ಬರುವ ಹತ್ತು ಇಂಗ್ಲಿಷ್ ಪದ ಬರೆದು, ಎದುರಿಗೆ ಅವುಗಳ ಅರ್ಥ ಬರೆಯಬೇಕಂತೆ. ಮೊಬೈಲು ನೋಡಕೂಡದು, ದೊಡ್ಡವರನ್ನು ಕೇಳಬಹುದು ಎಂದು ಮಿಸ್ಸು ಹೇಳಿದ್ದಾರಂತೆ. ಅವಳ ಅಮ್ಮ, ಅಂದರೆ ನನ್ನ ಮಗಳು, ಅಡುಗೆಮನೆಯಿಂದಲೇ "ತಾತನ್ನ ಕೇಳು, ಅವರು ಆಫೀಸಲ್ಲಿ ಇಂಗ್ಲಿಷಲ್ಲೇ ಬರೀತಾ ಇದ್ದದ್ದು" ಎಂದು ಶಿಫಾರಸು ಮಾಡಿದ್ದಳು. ಮಾತು ಸುಳ್ಳಲ್ಲ. 34 ವರ್ಷ ಬರೆದಿದ್ದೇನೆ. ಆದರೆ ಬರೆದದ್ದು ಎರಡೇ ವಾಕ್ಯ. ಕಾಗದದ ಮೊದಲಲ್ಲಿ 'ವಿತ್ ರೆಫರೆನ್ಸ್ ಟು ದಿ ಅಬೌವ್', ಕೊನೆಯಲ್ಲಿ 'ಫಾರ್ ಯುವರ್ ಕೈಂಡ್ ಇನ್ಫರ್ಮೇಶನ್'. ನಡುವಿನದನ್ನೆಲ್ಲ ಹಿಂದಿನ ಫೈಲಿನಿಂದ ಇಳಿಸಿಕೊಳ್ಳುತ್ತಿದ್ದೆ.

ಮೊದಲನೆಯ ಪದ ತಟ್ಟನೆ ಹೊಳೆಯಿತು. ಜಿ ಎಚ್ ಇ ಇ, ಘೀ. ಊಟದಲ್ಲಿ ಬಡಿಸಿದ್ದ ತುಪ್ಪದ ಜಿಡ್ಡು ಇನ್ನೂ ಕೈಯಲ್ಲಿತ್ತಲ್ಲ. ಅವಳು ಹುಬ್ಬು ಗಂಟಿಕ್ಕಿದಳು. "ತಾತ, ಅದು ತುಪ್ಪ. ಇಂಗ್ಲಿಷ್ ಪದ ಅಲ್ಲ." ಡಿಕ್ಷನರಿಯಲ್ಲಿದೆ ಎಂದೆ. ಕಡ ತಗೊಂಡು ಹಿಂದಕ್ಕೆ ಕೊಡದೆ ಇಟ್ಟುಕೊಂಡ ಪದಗಳಲ್ಲಿ ಅದೂ ಒಂದು. ನಮ್ಮ ಸಕಲೇಶಪುರದಾಚೆಯ ಘಟ್ಟವೂ ಹಾಗೇ ಜಿ ಎಚ್ ಎ ಟಿ ಆಗಿ ಅವರ ಪುಸ್ತಕದಲ್ಲಿ ಕೂತಿದೆ. ಇಂಥವನ್ನು ಕಡ ತರುವಾಗ ನಮ್ಮ ಮಹಾಪ್ರಾಣದ ಘಕಾರವನ್ನು ಜಿ ಎಚ್ ಎಂದು ಬರೆದುಕೊಂಡರೇ ಹೊರತು ಅಷ್ಟು ಉಸಿರು ಖರ್ಚು ಮಾಡಲು ಮನಸ್ಸು ಬರದೆ 'ಗೀ', 'ಗಾಟ್' ಎಂದು ಓದಿಕೊಂಡರು. ಅವರನ್ನು ಅಂದು ಏನು ಪ್ರಯೋಜನ? ನಮ್ಮಲ್ಲೂ ಘಟ್ಟವನ್ನು ಗಟ್ಟ ಅನ್ನುವವರೇ ಹೆಚ್ಚು.

ಎರಡನೆಯ ಪದ 'ನೈಟ್'. "ಸ್ಪೆಲಿಂಗ್ ಹೇಳು ತಾತ" ಎಂದಳು. ನಾನು ಕಣ್ಣು ಮುಚ್ಚಿ, ತುಟಿಯಲ್ಲೇ ಗೊಣಗಿಕೊಂಡೆ: "ನಿಘ್‌ಟ್... ನಿ, ಘ್, ಟ್... ಎನ್ ಐ ಜಿ ಎಚ್ ಟಿ." ಕಣ್ಣು ಬಿಟ್ಟರೆ ಮಗು ಹೊಟ್ಟೆ ಹಿಡಿದುಕೊಂಡು ನಗುತ್ತಿದೆ. ಅರುವತ್ತು ದಾಟಿದ, ಪಿಂಚಣಿ ತಿನ್ನುವ ಮನುಷ್ಯ ಇನ್ನೂ ಸ್ಪೆಲಿಂಗನ್ನು ಹೀಗೆ ನೆನಪು ಮಾಡಿಕೊಳ್ಳುತ್ತಾನೆಂದು ಅವಳಿಗೇನು ಗೊತ್ತು? ನನ್ನ ತಲೆಯೊಳಗೆ ಇಂಗ್ಲಿಷಿನದು ಎರಡು ಅಂಗಡಿ. ಮುಂದಿನ ಅಂಗಡಿಯಲ್ಲಿ ನೈಟ್, ಲೈಟ್, ನೈಫ್ ಎಂಬ ಇಸ್ತ್ರಿ ಹಾಕಿದ ಮಾಲು. ಹಿಂದಿನ ಉಗ್ರಾಣದಲ್ಲಿ ನಿಘ್‌ಟ್, ಲಿಘ್‌ಟ್, ಕ್ನಿಫೆ. ಗಿರಾಕಿ ಬಂದಾಗ ಉಗ್ರಾಣಕ್ಕೆ ಹೋಗಿ ನೋಡಿಕೊಂಡು ಬಂದೇ ಮುಂದಿನದನ್ನು ಮಾರುವುದು.

ಆ ಉಗ್ರಾಣ ತುಂಬಿದ್ದು ಹಾಸನದ ಕಡೆಯ ನಮ್ಮೂರಿನ ಸ್ಕೂಲಿನಲ್ಲಿ. ಆಗ ಐದನೇ ಕ್ಲಾಸಿಗೆ ಬರುವವರೆಗೆ ಇಂಗ್ಲಿಷಿನ ಗಾಳಿ ನಮಗೆ ಸೋಕುತ್ತಿರಲಿಲ್ಲ. ಐದಕ್ಕೆ ಬಂದದ್ದೇ ಎ ಬಿ ಸಿ ಡಿಯ ಜೊತೆಗೆ ರಾಗವೂ ಬಂತು. ಮೇಷ್ಟ್ರು ಮೊದಲು ಹೇಳುವರು, ಹಿಂದಿನಿಂದ ನಾವು ನಲವತ್ತು ಗಂಟಲು: "ಎನ್ ಐ ಜಿ ಎಚ್ ಟಿ ನೈಟ್, ನೈಟ್ ಮೀನ್ಸ್ ರಾತ್ರಿ! ಎಲ್ ಐ ಜಿ ಎಚ್ ಟಿ ಲೈಟ್, ಲೈಟ್ ಮೀನ್ಸ್ ಬೆಳಕು!" ಹೊರಗೆ ಎಮ್ಮೆ ಹೊಡೆದುಕೊಂಡು ಹೋಗುವವರಿಗೂ ಬಾಯಿಪಾಠವಾಗುವಷ್ಟು ಗಟ್ಟಿಯಾಗಿ. ಅಷ್ಟಾದರೂ 'ಮೀನ್ಸ್' ಎಂದರೆ ಏನು ಎಂದು ಮೇಷ್ಟ್ರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅದು ಇಂಗ್ಲಿಷ್ ಪದಕ್ಕೂ ಕನ್ನಡ ಪದಕ್ಕೂ ನಡುವೆ ಹಾಕುವ ಸಂಕ, ಅದರ ಮೇಲೆ ಕಾಲಿಟ್ಟೇ ದಾಟಬೇಕು ಎಂದುಕೊಂಡಿದ್ದೆವು.

ರಾಗ ಹೇಳುವಾಗ ಎಲ್ಲ ಸರಿ. ಡಿಕ್ಟೇಶನ್ನಿಗೆ ಕೂತರೆ ಎನ್ ಐ ಆದಮೇಲೆ ಯಾರು ಬರುತ್ತಾರೆ ಎಂಬುದು ಮರೆತುಹೋಗುತ್ತಿತ್ತು. ಕನ್ನಡ ಕಲಿತ ಮಗುವಿಗೆ ಅಕ್ಷರ ಎಂದರೆ ಸದ್ದು. ಸದ್ದಿಲ್ಲದ ಅಕ್ಷರವನ್ನು ಅದು ಎಲ್ಲಿ ಹುಡುಕಬೇಕು? ಮೇಷ್ಟ್ರನ್ನು ಕೇಳಿದರೆ "ಜಿ ಎಚ್ ಸೈಲೆಂಟು" ಎನ್ನುವರು. ಕ್ಲಾಸಿನಲ್ಲಿ ನಮಗೆ ದಿನಕ್ಕೆ ಹತ್ತು ಸಲ ಕೂಗಿ ಹೇಳುತ್ತಿದ್ದ ಪದವೂ ಅದೇ. ಹಾಗಾಗಿ ಪುಸ್ತಕದೊಳಗೂ ಗಲಾಟೆ ಮಾಡಿ ಬೈಸಿಕೊಂಡ ಅಕ್ಷರಗಳು ಇರುತ್ತವೆ, ಜಿ ಮತ್ತು ಎಚ್ ಹಿಂದಿನ ಬೆಂಚಿನವು ಎಂದು ನನಗೆ ಖಾತ್ರಿಯಾಗಿತ್ತು. ಕೊನೆಗೆ ನಾವು ಹುಡುಗರೇ ದಾರಿ ಕಂಡುಕೊಂಡೆವು. ಬರೆದದ್ದನ್ನೆಲ್ಲ ಕನ್ನಡದ ಹಾಗೆ ಓದಿಬಿಡುವುದು. ನಿಘ್‌ಟ್. ಲಿಘ್‌ಟ್. ಎಯ್ಘ್‌ಟ್. ಬೇರೆಯವರ ಮುಂದೆ ಹೇಳುವ ಹಾಗಿಲ್ಲ, ಒಳಗೊಳಗೇ ಹೇಳಿಕೊಳ್ಳಬೇಕು. ಹಾಗೆ ಹೇಳಿಕೊಂಡು ಬರೆದರೆ ತಪ್ಪುವುದೇ ಇಲ್ಲ.

ಹೀಗಿರುವಾಗ ಇನ್ಸ್‌ಪೆಕ್ಟರು ಬಂದರು. ಅವರು ಬರುತ್ತಾರೆಂದರೆ ಎರಡು ದಿನ ಮೊದಲೇ ಸ್ಕೂಲಿನ ಅಂಗಳಕ್ಕೆ ಸಗಣಿ ಸಾರಿಸುವುದು, ನಮ್ಮ ತಲೆಗಳಿಗೆ ಹರಳೆಣ್ಣೆ. ಅವರ ಬೆರಳು ಕ್ಲಾಸಿನ ಮೇಲೆಲ್ಲ ಸುತ್ತಾಡಿ ಕೊನೆಗೆ ನನ್ನ ಮೇಲೆ ನಿಂತಿತು. "ಓದು ಮರಿ." ಪುಸ್ತಕ ಹಿಡಿದು ಎದ್ದೆ. ಕಾಲು ನಡುಗುತ್ತಿತ್ತು. ಚಂದ್ರ ರಾತ್ರಿಯಲ್ಲಿ ಹೊಳೆಯುತ್ತಾನೆ ಎಂಬ ವಾಕ್ಯ. ಚಂದ್ರನನ್ನು ಹೇಗೋ ದಾಟಿದೆ. ರಾತ್ರಿಗೆ ಬಂದಾಗ ಹೆದರಿಕೆಯಲ್ಲಿ ಮುಂದಿನ ಅಂಗಡಿ ಮುಚ್ಚಿಹೋಗಿ ಉಗ್ರಾಣದ ಬಾಗಿಲು ತೆರೆದುಕೊಂಡಿತು. "ಅಟ್ ನಿಘ್‌ಟ್" ಎಂದುಬಿಟ್ಟೆ, ನಲವತ್ತು ಮಂದಿಗೂ ಕೇಳುವ ಹಾಗೆ.

ಇನ್ಸ್‌ಪೆಕ್ಟರು ಮೊದಲು ಕನ್ನಡಕ ತೆಗೆದರು. ಆಮೇಲೆ ನಕ್ಕರು. ಹೊಟ್ಟೆ ಕುಲುಕಿ ಶರಟಿನ ಗುಂಡಿ ಕಿತ್ತು ಬರುವಂತೆ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ಅವರು ಹಲ್ಲು ಕಚ್ಚಿಕೊಂಡು ಒಂದೇ ಪದ ಹೇಳಿದರು: "ಕತ್ತೆ!" ಈ ಪದವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಇದರ ಲೆಕ್ಕ ಚುಕ್ತಾ ಮಾಡುವುದಿದೆ.

ಅವತ್ತು ಇನ್ಸ್‌ಪೆಕ್ಟರಿಗೆ ಊಟ ನಮ್ಮ ಮನೆಯಲ್ಲೇ. ಊರಿಗೆ ದೊಡ್ಡವರು ಯಾರು ಬಂದರೂ ಎಲೆ ಬೀಳುತ್ತಿದ್ದದ್ದು ನಮ್ಮ ನಡುಮನೆಯಲ್ಲಿ. ಬಡಿಸುತ್ತಿದ್ದವಳು ನನ್ನ ಅಜ್ಜಿ. ಅಜ್ಜಿಯ ಬಾಯಲ್ಲಿ ಹಕಾರ ಇರಲಿಲ್ಲ. ಅವಳಿಗೆ ಹಾಲು ಆಲು, ಹೂವು ಊವು, ಹಾಸನ ಆಸ್ನ. ಸಂತೆಗೆ "ಆಸ್ನಕ್ಕೋಗಿ ಬತ್ತೀನಿ" ಎಂದೇ ಹೊರಡುವಳು, ಹಾಸನಾಂಬೆಗೂ ಆಸ್ನಾಂಬೆ ಎಂದೇ ಕೈಮುಗಿಯುವಳು, ದೇವಿ ಒಮ್ಮೆಯೂ ತಿದ್ದಿರಲಿಲ್ಲ. ಆದರೆ ಓದಿದವರು ಮಾತಾಡುವಾಗ ಹ ಅನ್ನುವುದೊಂದು ಜಾಸ್ತಿ ಬರುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು. ಎಲ್ಲಿ ಬರುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ. ದೊಡ್ಡ ಮನುಷ್ಯರು ಊಟಕ್ಕೆ ಕೂತಿದ್ದಾರೆ, ಮರ್ಯಾದೆ ಮಾಡಬೇಕು. ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು: "ಸ್ವಾಮಿ, ಇನ್ನೊಂಚೂರು ಹನ್ನ ಇಕ್ಲಾ? ಆಲು ಉಯ್ಲಾ?"

ಅನ್ನಕ್ಕೆ ಬೇಡದ ಹ ಬಂದು ಕೂತಿತ್ತು, ಹಾಲಿಗೆ ಬೇಕಾದ ಹ ನಾಪತ್ತೆ. ಬೆಳಿಗ್ಗೆ ನನ್ನ ನಿಘ್‌ಟ್‌ಗೆ ಅಷ್ಟು ನಕ್ಕಿದ್ದ ಮನುಷ್ಯ ಈಗ ನಗಲಿಲ್ಲ. "ಹಾಕಿ ತಾಯಿ" ಎಂದು ಎಲೆ ತೋರಿಸಿದರು. ಗಟ್ಟಿ ಮೊಸರು ಇನ್ನೂ ಬರುವುದಿತ್ತು.

ಆ ನಗು ಬಹಳ ವರ್ಷ ನನ್ನ ಕಿವಿಯಲ್ಲಿತ್ತು. ಪಿಂಚಣಿ ಬಂದಮೇಲೆ, ಹೊತ್ತು ಕಳೆಯಲು ಲೈಬ್ರರಿಯಿಂದ ತಂದ ಪುಸ್ತಕಗಳಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆಯೂ ಒಂದಿತ್ತು. ಅದರಲ್ಲಿ ನನಗೆ ಸಿಕ್ಕಿದ್ದು ನನ್ನ ಪರವಾದ ತೀರ್ಪು. ಸಾವಿರ ವರ್ಷದ ಹಿಂದೆ ಇಂಗ್ಲಿಷರು ರಾತ್ರಿಯನ್ನು ಎನ್ ಐ ಎಚ್ ಟಿ ಎಂದು ಬರೆಯುತ್ತಿದ್ದರು, ಬರೆದ ಹಾಗೇ ಓದುತ್ತಿದ್ದರು. ನಡುವಿನ ಆ ಎಚ್ ಸುಮ್ಮನೆ ಕೂತಿರಲಿಲ್ಲ. ಅಂಗುಳಿಗೆ ಉಸಿರು ಉಜ್ಜಿ ಹೊರಡಿಸುವ, ಹ ಮತ್ತು ಖ ನಡುವಿನ ಒಂದು ಸದ್ದು ಅದಕ್ಕಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ರಾಜ್ಯ ಹಿಡಿದರು. ಅವರ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಆ ಸದ್ದಿಗೆ ಎಚ್ ಒಂದೇ ಸಾಲದೆಂದು ಜಿಯನ್ನೂ ಜೊತೆಗೆ ಕೂರಿಸಿದರು. 1400ರಲ್ಲಿ ತೀರಿಕೊಂಡ ಕವಿ ಚಾಸರ್ ತನ್ನ ಕಥೆಗಳನ್ನು ಓದಿ ಹೇಳುವಾಗ ರಾತ್ರಿಗೆ 'ನಿಹ್‌ಟ್' ಎಂದೇ ಅನ್ನುತ್ತಿದ್ದ. ಅದಾದಮೇಲೆ ಒಂದೆರಡು ಶತಮಾನದಲ್ಲಿ ಲಂಡನ್ನಿನ ಕಡೆಯ ನಾಲಿಗೆಗೆ ಆ ಸದ್ದು ಭಾರವಾಗಿ ಬಿದ್ದೇಹೋಯಿತು. ಸ್ಕಾಟ್‌ಲೆಂಡಿನ ಹಳಬರ ಮಾತಿನಲ್ಲಿ 'ನಿಖ್ಟ್' ಇನ್ನೂ ಉಳಿದಿದೆ, ಜರ್ಮನರು 'ನಾಖ್ಟ್' ಅನ್ನುತ್ತಾರೆ. ಅಂದರೆ ಹಾಸನದ ಕಡೆಯ ಹರಳೆಣ್ಣೆ ತಲೆಯ ಹುಡುಗ ಹೇಳಿದ್ದು ತಪ್ಪಲ್ಲ. ಆರುನೂರು ವರ್ಷ ತಡವಾಗಿ ಹೇಳಿದ್ದ, ಅಷ್ಟೆ.

ಕುದುರೆ ಏರಿದ ವೀರನಿಗೂ ಇಂಗ್ಲಿಷಿನಲ್ಲಿ ನೈಟ್ ಎಂದೇ ಹೆಸರು, ಮುಂದೊಂದು ಕೆ ಬೇರೆ. ಚಾಸರನ ಕಾಲದಲ್ಲಿ ಅದರಲ್ಲಿ ಒಂದಕ್ಷರವೂ ಸುಮ್ಮನಿರಲಿಲ್ಲ, 'ಕ್ನಿಹ್‌ಟ್' ಎಂದೇ ಓದಬೇಕಿತ್ತು. ಇನ್ನೂ ಹಿಂದೆ ಹೋದರೆ ಆ ಪದದ ಅರ್ಥ ವೀರನೂ ಅಲ್ಲ, ಹುಡುಗ, ಮನೆಗೆಲಸದವನು. ಆಳು ಎಂದರೆ ನಮ್ಮಲ್ಲಿ ಕೆಲಸದವನೂ ಹೌದು, ಯುದ್ಧಕ್ಕೆ ಹೋಗುವವನೂ ಹೌದು, ಕ್ರಿಯಾಪದವಾದರೆ ರಾಜ್ಯವನ್ನೇ ಆಳಬಹುದಲ್ಲ, ಹಾಗೆ. ಸಗಣಿ ಬಾಚುತ್ತಿದ್ದ ಪದ ಸಿಂಹಾಸನದ ಪಕ್ಕಕ್ಕೆ ಬಂದು ನಿಂತಿತು. ಸ್ಥಾನ ದೊಡ್ಡದಾದ ಹಾಗೆ ಮಾತು ಕಡಿಮೆಯಾಗುವುದು ಆಫೀಸಿನಲ್ಲೂ ನೋಡಿದ್ದೇನೆ.

"ತಾತ, ಮೂರನೇದು?" ಎಂದು ಮೊಮ್ಮಗಳು ಪೆನ್ಸಿಲಿನಿಂದ ಮೊಣಕಾಲು ತಿವಿದಳು. ಲೈಟ್, ಎಯ್ಟ್, ಲಾಫ್, ಇನಫ್ ಅವಳೇ ಹೇಳಿ ಬರೆದುಕೊಂಡಳು. ಎಲ್ಲ ಸೇರಿ ಆರಾಯಿತು. ಏಳನೆಯದು 'ಕಾಫ್', ಕೆಮ್ಮು ಎಂದೆ. ಹೇಳಿದ್ದೇ ತಡ, ನನಗೇ ನಗು ಬಂತು. ಅವಳು ಬಿಡಲಿಲ್ಲ, ಹೇಳಲೇಬೇಕಾಯಿತು.

ಪಿಯುಸಿಗೆ ಮೈಸೂರಿಗೆ ಬಂದ ಹೊಸತು. ಹಾಸ್ಟೆಲಿನ ತಣ್ಣೀರ ಸ್ನಾನಕ್ಕೆ ಕೆಮ್ಮು ಹತ್ತಿತು. ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ರೂಮಿನವನು ಹೆದರಿಸಿದ್ದ. ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡೆ. ಪಿ ಎಲ್ ಒ ಯು ಜಿ ಎಚ್ ಪ್ಲೌ ಆದರೆ, ಅದು ನೇಗಿಲು, ನನಗೆ ಚೆನ್ನಾಗಿ ಗೊತ್ತಿದ್ದ ವಸ್ತು, ಸಿ ಒ ಯು ಜಿ ಎಚ್ ಏನಾಗಬೇಕು? ಧೈರ್ಯವಾಗಿ ಒಳಗೆ ಹೋಗಿ ಹೇಳಿದೆ: "ಸರ್, ಐ ಹ್ಯಾವ್ ಎ ಕೌ." ಡಾಕ್ಟರು ಸ್ಟೆತಸ್ಕೋಪನ್ನು ಕುತ್ತಿಗೆಯಿಂದ ಇಳಿಸಿ ನನ್ನ ಮುಖ ನೋಡಿದರು. ಆಮೇಲೆ ಅಚ್ಚ ಕನ್ನಡದಲ್ಲಿ ಕೇಳಿದರು: "ಎಷ್ಟು ಲೀಟರ್ ಕೊಡುತ್ತಪ್ಪ?"

ಈ ಒ ಯು ಜಿ ಎಚ್ ನಾಲ್ವರು ಸೇರಿದರೆ ಯಾವಾಗ ಯಾವ ವೇಷ ಹಾಕುತ್ತಾರೆಂದು ಹೇಳಲಾಗದು. ಟಿ ಎಚ್ ಮುಂದೆ ನಿಂತರೆ ದೋ. ನಡುವೆ ಒಂದು ಆರ್ ನುಸುಳಿದರೆ ಥ್ರೂ. ಟಿ ಒಂದೇ ಬಂದರೆ ಟಫ್. ಕೆಮ್ಮಿನಲ್ಲಿ ಕಾಫ್, ನೇಗಿಲಿನಲ್ಲಿ ಪ್ಲೌ. ನಮ್ಮ ಬಯಲಾಟದ ಮೇಳದಲ್ಲಿ ಒಬ್ಬನೇ ಒಂದೇ ರಾತ್ರಿಯಲ್ಲಿ ಭೀಮನಾಗಿ, ಬಾಣಂತಿಯಾಗಿ, ಬ್ರಾಹ್ಮಣನಾಗಿ ಬರುತ್ತಿದ್ದ. ಅವನಿಗೂ ಮೂರೇ ವೇಷ. ಜಿ ಎಚ್ ಒ ಟಿ ಐ ಎಂದು ಬರೆದು ಫಿಶ್ ಎಂದು ಓದಬಹುದು ಎಂಬ ಹಳೆಯ ತಮಾಷೆಯೊಂದಿದೆ. ಇನಫ್ ಪದದ ಜಿ ಎಚ್ ತಗೊಂಡರೆ ಫ, ವಿಮೆನ್ ಪದದ ಒ ತಗೊಂಡರೆ ಇ, ನೇಶನ್ ಪದದ ಟಿ ಐ ತಗೊಂಡರೆ ಶ್. ಮೀನು ಸಿದ್ಧ. ಎಲ್ಲರೂ ಇದನ್ನು ಬರ್ನಾರ್ಡ್ ಷಾ ಹೆಸರಿಗೆ ಬರೆಯುತ್ತಾರೆ. ಇಂಗ್ಲಿಷ್ ಸ್ಪೆಲಿಂಗಿನ ಮೇಲೆ ಅವರಿಗಿದ್ದ ಸಿಟ್ಟು ಜಗತ್ತಿಗೇ ಗೊತ್ತು, ಹೊಸ ಲಿಪಿ ಮಾಡಿಸಲೆಂದು ಉಯಿಲಿನಲ್ಲಿ ದುಡ್ಡನ್ನೇ ಇಟ್ಟುಹೋದವರು. ಆದರೆ ಈ ತಮಾಷೆ 1855ರ ಒಂದು ಪತ್ರದಲ್ಲೇ ಇದೆ. ಷಾ ಹುಟ್ಟಿದ್ದು 1856ರಲ್ಲಿ. ಊರಲ್ಲಿ ಹುಟ್ಟಿದ ಜೋಕೆಲ್ಲ ನಮ್ಮಲ್ಲಿ ಕೈಲಾಸಂ ಅವರ ಖಾತೆಗೆ ಜಮೆಯಾಗುವ ಹಾಗೆ ಇದೂ.

ಎಂಟನೆಯದು ದೆವ್ವ. ಮೊಮ್ಮಗಳಿಗೆ ಪ್ರೀತಿಯ ಪದ, ಕಣ್ಣರಳಿಸಿಕೊಂಡೇ ಬರೆದಳು. "ಇದ್ರಲ್ಲಿ ಎಚ್ ಯಾಕೆ ತಾತ?" ಎಂದಾಗ ಮಾತ್ರ ನನಗೆ ಹುಮ್ಮಸ್ಸು ಬಂದು ಕುರ್ಚಿಯ ತುದಿಗೆ ಸರಿದು ಕೂತೆ. ಗೋಸ್ಟ್ ಎಂಬ ದೆವ್ವಕ್ಕೆ ಮೊದಲು ಎಚ್ ಇರಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ ಬ್ರೂಜ್ ಪಟ್ಟಣದಲ್ಲಿ ಬಹುಕಾಲ ಇದ್ದು, ಅಚ್ಚಿನ ಕೆಲಸ ಕಲಿತು, 1476ರಲ್ಲಿ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲನೆಯ ಅಚ್ಚುಕೂಟ ಹಾಕಿದ. ಮೊಳೆ ಜೋಡಿಸಲು ಸಮುದ್ರದಾಚೆಯ ಆ ಕಡೆಯವರೇ ಬಂದರು. ಅವರ ಫ್ಲೆಮಿಶ್ ಭಾಷೆಯಲ್ಲಿ ದೆವ್ವವನ್ನು ಜಿ ಎಚ್ ಹಾಕಿ ಬರೆಯುವುದು ರೂಢಿ. ಕೈ ಹೋದ ಹಾಗೆ ಇಂಗ್ಲಿಷ್ ದೆವ್ವಕ್ಕೂ ಒಂದು ಎಚ್ ಮೊಳೆ ಸೇರಿಸಿದರು. ಬಾತುಕೋಳಿಯ ಜಾತಿಯ ಗೂಸ್, ಮೇಕೆಯ ಗೋಟ್, ಇವಕ್ಕೂ ಅಂಟಿಸಿ ನೋಡಿದರಂತೆ. ಕೋಳಿ, ಮೇಕೆ ಕೊಡವಿಕೊಂಡು ಹೋದವು, ದೆವ್ವ ಮಾತ್ರ ಬಿಡಲಿಲ್ಲ. ಹಿಡಿದದ್ದನ್ನು ಬಿಡದಿರುವುದು ದೆವ್ವದ ಲಕ್ಷಣವೇ ಅಲ್ಲವೇ?

ಒಂಬತ್ತನೆಯದು 'ಡಿಲೈಟ್', ಸಂತೋಷ. ಇದರ ಕಥೆ ಇನ್ನೂ ಚೆನ್ನ ಎಂದೆ. ಇದು ಫ್ರೆಂಚರಿಂದ ಬಂದ ಪದ, ಚಾಸರ್ ಡಿ ಇ ಎಲ್ ಐ ಟಿ ಎಂದು ಬರೆದ. ಇದಕ್ಕೂ ಬೆಳಕಿನ ಲೈಟ್‌ಗೂ ನಂಟಿಲ್ಲ. ಆದರೆ ಜಿ ಎಚ್ ಸದ್ದು ಕಳೆದುಕೊಂಡ ಮೇಲೆ ಲೈಟ್ ಮತ್ತು ಡಿಲೈಟ್ ಕಿವಿಗೆ ಪ್ರಾಸವಾಗಿ ಕೇಳಿಸಿದವು. 16ನೇ ಶತಮಾನದ ಹೊತ್ತಿಗೆ ಬರೆಯುವವರು, ಅದಕ್ಕಿರುವುದು ಇದಕ್ಕೇಕಿಲ್ಲ ಎಂದು ಡಿಲೈಟಿಗೂ ಜಿ ಎಚ್ ಹಾಕಿ ಗೌರವಿಸಿದರು. ಓದುವಾಗ ನನಗೆ ಥಟ್ಟನೆ ನಮ್ಮ ನಡುಮನೆ, ಸೆರಗು ಸರಿಮಾಡಿಕೊಳ್ಳುತ್ತಿದ್ದ ಅಜ್ಜಿ ಕಣ್ಣಮುಂದೆ ಬಂದರು. ಇದು ಅಜ್ಜಿಯ 'ಹನ್ನ'. ದೊಡ್ಡವರ ಮುಂದೆ ಇರಲಿ ಎಂದು ಹಾಕಿದ ಅಕ್ಷರ. ಅಜ್ಜಿಯದು ಊಟದ ಹೊತ್ತಿಗೆ ಮುಗಿಯಿತು, ಅವರದು ಡಿಕ್ಷನರಿಯಲ್ಲಿ ಕೂತುಬಿಟ್ಟಿತು.

"ಕನ್ನಡನೇ ಒಳ್ಳೇದು ಅಲ್ವಾ ತಾತ, ಬರ್ದಂಗೇ ಓದೋದು" ಎಂದಳು ಮೊಮ್ಮಗಳು. ನನ್ನ ಎದೆ ಉಬ್ಬಿತು. ಹೌದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಮಗಳು ಕೂಗಿದಳು: "ಮಧ್ಯಾನ ಪೂರ್ತಿ ಅದೇ ಆಯ್ತು, ಹಾಲು ಕುಡ್ಕೊಂಡು ಬರಿ ಬಾರೇ."

ಮಧ್ಯಾನ! ಈ ಬರಹದ ಮೊದಲ ಸಾಲಿನಲ್ಲೇ ನಾನು 'ಮಧ್ಯಾಹ್ನ' ಎಂದು ಬರೆದಿದ್ದೇನೆ, ಬೇಕಾದರೆ ಹಿಂದಕ್ಕೆ ಹೋಗಿ ನೋಡಿ. ಬರೆದದ್ದು ಸರಿಯಾಗಿಯೇ ಇದೆ. ಆದರೆ ಹುಟ್ಟಿದ ಮೇಲೆ ಒಂದು ದಿನವೂ ನನ್ನ ಬಾಯಿಂದ ಆ ಹ ಹೊರಟಿಲ್ಲ. ಚಿಹ್ನೆ ಎಂದು ಬರೆದು ಚಿನ್ಹೆ ಅನ್ನುತ್ತೇನೆ, ಬ್ರಾಹ್ಮಣ ಎಂದು ಬರೆದು ಬ್ರಾಮ್ಹಣ ಅನ್ನುತ್ತೇನೆ. ಎಚ್ ಸೈಲೆಂಟು ಎಂದು ಮೇಷ್ಟ್ರು ಕನ್ನಡಕ್ಕೂ ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು.

ಆ ಹಾಲನ್ನೇ ತಗೊಳ್ಳಿ. ಹಳಗನ್ನಡದಲ್ಲಿ ಅದು ಪಾಲ್. ಹೂ ಆಗ ಪೂ, ಹುಲಿ ಪುಲಿ, ಹಲ್ಲು ಪಲ್. ತಮಿಳಿನವರ, ತೆಲುಗಿನವರ ಹಾಲಿನಲ್ಲಿ ಪಕಾರ ಇವತ್ತಿಗೂ ಕೆನೆಗಟ್ಟಿ ನಿಂತಿದೆ. ಸಾವಿರ ವರ್ಷದ ಹಿಂದೆ, ಹೆಚ್ಚುಕಡಿಮೆ ಇಂಗ್ಲಿಷರು ಎನ್ ಐ ಎಚ್ ಟಿ ಎಂದು ಬರೆಯುತ್ತಿದ್ದಾಗಲೇ, ನಮ್ಮ ನಾಲಿಗೆಯಲ್ಲಿ ಪ ಸವೆದು ಹ ಆಗತೊಡಗಿತು. ನಾವೇನು ಮಾಡಿದೆವು? ನಾಲಿಗೆ ಹೋದ ಹಿಂದೆಯೇ ಲೇಖನಿಯನ್ನೂ ಕಳಿಸಿದೆವು. ಹಾಲು ಎಂದೇ ಬರೆದೆವು, ಪಾಲು ಎಂದರೆ ಆಸ್ತಿಯ ಭಾಗ ಮಾತ್ರ ಉಳಿಯಿತು. ನಾವು ಇಂಗ್ಲಿಷರ ಹಾಗೆ ಹಠ ಹಿಡಿದಿದ್ದರೆ ಇವತ್ತಿಗೂ 'ಪಾಲು' ಎಂದು ಬರೆದು 'ಹಾಲು' ಎಂದು ಓದುತ್ತಿದ್ದೆವು, ಮೇಷ್ಟ್ರು ಮಕ್ಕಳಿಗೆ "ಪ ಇದ್ದರೆ ಹ ಅನ್ನಬೇಕು" ಎಂದು ಬೆತ್ತ ತೋರಿಸುತ್ತಿದ್ದರು. ನನ್ನ ಅಜ್ಜಿಯಾದರೋ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ನಡೆದಿದ್ದಳು. ಪಾಲು, ಹಾಲು, ಆಲು. ಸಾವಿರ ವರ್ಷದಿಂದ ಸವೆಯುತ್ತಾ ಬಂದ ಅಕ್ಷರ ಅವಳ ಬಾಯಲ್ಲಿ ಪೂರ್ತಿ ಕರಗಿತ್ತು. ಅವಳನ್ನು ಹಿಂದುಳಿದವಳು ಎಂದುಕೊಂಡಿದ್ದೆವು.

ಇನ್ನು ಕತ್ತೆಯ ಲೆಕ್ಕ. ಹಳಗನ್ನಡದಲ್ಲಿ ೞ ಎಂಬ ಅಕ್ಷರವೊಂದಿತ್ತು, ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ನಾಲಿಗೆ ಮಡಚುತ್ತಾರಲ್ಲ, ಆ ಸದ್ದು. ಬಾಳೆಯ, ಮಳೆಯ, ಏಳರ ಒಳಗೆಲ್ಲ ಇದ್ದದ್ದು ಅದೇ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ಜನರ ಬಾಯಲ್ಲಿ ಅದು ಆಗಲೇ ಳಕಾರದೊಳಗೆ ಬೆರೆತುಹೋಗುತ್ತಿತ್ತು. ಯಾವ ಪದದಲ್ಲಿ ಅದು ಇರಬೇಕು ಎಂಬುದು ಕವಿಗಳಿಗೇ ಗೊಂದಲ. ಆಗ ಕೇಶಿರಾಜ ಮಾಡಿದ ಕೆಲಸವೇನು ಗೊತ್ತೇ? ಆ ಅಕ್ಷರ ಇರುವ ಪದಗಳನ್ನೆಲ್ಲ ಹೆಕ್ಕಿ ಪಟ್ಟಿ ಮಾಡಿದ. ನನ್ನ ಮೊಮ್ಮಗಳ ಹೋಂವರ್ಕನ್ನೇ ಮಾಡಿದ. ಅಷ್ಟು ಮಾಡಿದರೂ ಅಕ್ಷರ ಉಳಿಯಲಿಲ್ಲ. ಕೆಲವು ಪದಗಳಲ್ಲಿ ಳ ಆಯಿತು, ಕೆಲವದರಲ್ಲಿ ಪಕ್ಕದ ಒತ್ತಕ್ಷರದೊಳಗೆ ಮುಳುಗಿತು. ಹಾಗೆ ಮುಳುಗಿದ ಪದಗಳಲ್ಲಿ ಒಂದು 'ಕೞ್ತೆ'. ಅದೇ ನಮ್ಮ ಕತ್ತೆ. ಅಂದರೆ ನಾನು ಸೈಲೆಂಟ್ ಅಕ್ಷರವನ್ನು ಗಟ್ಟಿಯಾಗಿ ಓದಿದೆನೆಂದು ಬೈದ ಮೇಷ್ಟ್ರು, ಬೈಯುವ ಪದದಲ್ಲೇ ಒಂದು ಅಕ್ಷರವನ್ನು ನುಂಗಿದ್ದರು! ಈ ಉತ್ತರ ಅವತ್ತೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಗೊತ್ತಿದ್ದರೂ ಹೇಳುತ್ತಿರಲಿಲ್ಲ ಬಿಡಿ, ಬೆತ್ತ ಸೈಲೆಂಟಾಗಿರಲಿಲ್ಲ.

ಹಾಲು ಕುಡಿದು, ಮೇಲ್ದುಟಿಯ ಮೇಲೆ ಬಿಳಿ ಮೀಸೆ ಹೊತ್ತು ಮೊಮ್ಮಗಳು ವಾಪಸು ಬಂದಳು. ಇನ್ನೊಂದು ಬಾಕಿ. ನಾನು ಅವಳ ಅಮ್ಮನ ಕಡೆ ಕೈ ತೋರಿಸಿ, "ಅವಳು ನನಗೇನಾಗಬೇಕು?" ಎಂದೆ. "ಡಾಟರ್!" ಎಂದು ಕುಣಿದಳು. ಅಲ್ಲೂ ನಡುವೆ ಜಿ ಎಚ್. ಈ ಪದವನ್ನು ನಾನು ಉಳಿಸಿಕೊಂಡದ್ದಕ್ಕೆ ಕಾರಣವಿತ್ತು. ಸಂಸ್ಕೃತದಲ್ಲಿ ಮಗಳು ದುಹಿತೃ. ಎರಡೂ ಪದ ಒಂದೇ ಬೇರಿನ ಚಿಗುರು. ಅಲ್ಲಿಯ ಜಿ ಎಚ್ ಕೂತ ಜಾಗದಲ್ಲೇ ಇಲ್ಲಿ ಹ ಕೂತಿದೆ. ನೈಟ್ ಕೂಡ ಹಾಗೇ, ನಕ್ತಂಚರನಾದ ರಾಕ್ಷಸನ 'ನಕ್ತ'ದ ನಂಟ. ಎಯ್ಟ್ ನಮ್ಮ ಅಷ್ಟದ ನಂಟ. ಈ ಮಗಳ ಪದಕ್ಕೆ ಯಾಸ್ಕ ಮಹರ್ಷಿ ನಿರುಕ್ತದಲ್ಲಿ ಎರಡು ಮೂರು ದಾರಿ ತೋರಿಸುತ್ತಾನೆ. ದೂರದಲ್ಲಿದ್ದರೆ ಹಿತ ಎಂಬುದು ಒಂದು, ಹಾಲು ಕರೆಯುವುದು ಎಂಬ ಧಾತುವಿನದು ಇನ್ನೊಂದು. ಮೊದಲನೆಯದನ್ನು ಅಡುಗೆಮನೆಗೆ ಕೇಳಿಸುವಂತೆ ಹೇಳುವ ಧೈರ್ಯವಾಗದೆ ಹಾಲಿನದನ್ನಷ್ಟೇ ಹೇಳಿದೆ. "ಮತ್ತೆ ನಾನು?" ಎಂದಳು. ಮಗಳ ಮಗಳು ದೌಹಿತ್ರಿ. ನಿನ್ನಲ್ಲೂ ಆ ಹ ಇದೆ ಎಂದೆ. ನೋಟ್‌ಬುಕ್ಕು ಮುಚ್ಚಿ ಓಡಿದಳು. ನಾನು ಪೇಪರನ್ನು ಮತ್ತೆ ಮುಖಕ್ಕೆಳೆದುಕೊಂಡೆ.

ಬುಧವಾರ ಡಿಕ್ಟೇಶನ್ ಇತ್ತು. ಸಂಜೆ ಸ್ಕೂಲು ವ್ಯಾನಿಳಿದು ಬಂದವಳ ಮುಖ ಊದಿತ್ತು. "ನಿನ್ ಕಥೆಯಿಂದ ಅರ್ಧ ಮಾರ್ಕ್ಸ್ ಹೋಯ್ತು ತಾತ." ನೋಟ್‌ಬುಕ್ಕು ಬಿಡಿಸಿದೆ. ತುಪ್ಪಕ್ಕೂ ದೆವ್ವಕ್ಕೂ ಕೆಂಪು ಶಾಯಿಯ ಟಿಕ್ಕು ಬಿದ್ದಿತ್ತು. ಸಂತೋಷದ ಸುತ್ತ ಮಾತ್ರ ದುಂಡಗೆ ಗೆರೆ. ಜಿ ಎಚ್ ಬೇಕಿರಲಿಲ್ಲ ಎಂದು ತಾತ ಹೇಳಿದ್ದಾರಲ್ಲ ಎಂದು ಅವಳು ಡಿ ಇ ಎಲ್ ಐ ಟಿ ಎಂದು ಬರೆದು ಬಂದಿದ್ದಳು. ಅಕ್ಷರಕ್ಕೆ ಅಕ್ಷರ ಚಾಸರನ ಹಾಗೆ. ಅವನ ಕಾಲದ ಮಿಸ್ಸಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದರು ಎಂದೆ. ಸಮಾಧಾನವಾಗಲಿಲ್ಲ. ತಪ್ಪಿದ್ದನ್ನು ಹತ್ತು ಸಲ ಬರೆದುಕೊಂಡು ಹೋಗಬೇಕಿತ್ತು.

ರಾತ್ರಿ ನಡುಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಳು. ನಾನು ಟಿವಿಯ ದನಿ ತಗ್ಗಿಸಿದೆ. ಬರೆಯುತ್ತ ಬರೆಯುತ್ತ ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟು ಕೇಳಿದೆ. "ಡೆಲಿಘ್‌ಟ್... ಡೆಲಿಘ್‌ಟ್... ಡೆ, ಲಿ, ಘ್, ಟ್..." ಉಗ್ರಾಣದ ಕೀಲಿಕೈ ಯಾರೂ ಕೊಡದೆ ಅವಳಿಗೆ ಸಿಕ್ಕಿಬಿಟ್ಟಿತ್ತು. ನನ್ನ ನಿಘ್‌ಟ್‌ಗಾದರೂ ಹಿಂದೊಂದು ಕಾಲದಲ್ಲಿ ಸದ್ದಿತ್ತು. ಇದಕ್ಕೆ ಯಾವ ಕಾಲದಲ್ಲೂ ಇರಲಿಲ್ಲ. ಚಾಸರ್ ಅದನ್ನು ಬರೆಯಲೇ ಇಲ್ಲ, ಅವನ ಆಮೇಲಿನವರು ಬರೆದರೂ ಉಚ್ಚರಿಸಲಿಲ್ಲ. ಶೋಭೆಗೆಂದು ಕೂರಿಸಿ, ನಾಲ್ಕುನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮಾತಾಡಿಸದೆ ಬಿಟ್ಟಿದ್ದ ಆ ಎರಡು ಅಕ್ಷರಗಳಿಗೆ, ಹಾಲಿನ ಮೀಸೆ ಒರೆಸಿಕೊಳ್ಳದ ಒಂದು ಬಾಯಿ ಚಾಪೆಯ ಮೇಲೆ ಮಲಗಿಕೊಂಡು ದನಿ ಕೊಡುತ್ತಿತ್ತು. ಹತ್ತೂ ಸಲ. ತಿದ್ದಲು ಹೋಗಲಿಲ್ಲ.